ಕಣದ ನೆರಳು

ಛಾಯಾಗ್ರಹಣದ ವ್ಯಸನವುಳ್ಳವರು ನಾಲ್ವರು ಒಂದೆಡೆ ಕಲೆತರೆಂದರೆ ಬೆಳಕಿನ ಮಾತು, ಮಸೂರದ ಮಾತು, ಕೋಳಿ ಕೂಗುವ ಮುನ್ನ ಎದ್ದು ಬೆಟ್ಟ ಹತ್ತಿದ ಸಾಹಸದ ಮಾತು ಯಥೇಚ್ಛವಾಗಿ ಹರಿಯುತ್ತದೆ. ಆದರೆ ಡಿಜಿಟಲ್ ಕ್ಯಾಮರಾವನ್ನು ಕೆಲವು ವರ್ಷ ಬಳಸಿದವರೆಲ್ಲರೂ ಕದ ಮುಚ್ಚಿಕೊಂಡು, ಉಸಿರು ಬಿಗಿಹಿಡಿದು, ಮನೆಯವರ ಪರಿಹಾಸಕ್ಕೆ ಗುರಿಯಾಗುತ್ತ ಮಾಡುವ ಇನ್ನೊಂದು ಕೆಲಸವುಂಟು, ಅದರ ಪ್ರಸ್ತಾಪವನ್ನು ಮಾತ್ರ ಯಾರೂ ಎತ್ತುವುದಿಲ್ಲ. ಕ್ಯಾಮರಾದೊಳಗೆ ಬೆಳಕನ್ನು ಗ್ರಹಿಸುವ ಸೆನ್ಸರಿನ ಮೇಲೆ ಕುಳಿತ ಧೂಳನ್ನು ತೆಗೆಯುವ ಕೆಲಸ ಅದು. ಅದನ್ನು ಅನಿವಾರ್ಯವಾದ ಪೀಡೆಯೆಂದು ಬಗೆಯುವವರೇ ಬಹುಮಂದಿ. ನಾನಾದರೋ ಅದನ್ನು ವಿನೋದವೆಂದು, ಬಿಡುವು ದೊರೆತಾಗ ನಾನಾಗಿಯೇ ಅರಸಿಕೊಂಡು ಹೋಗತಕ್ಕ ಸುಖವೆಂದು ಎಣಿಸಿದವನು. ಪಟ ತೆಗೆಯುವುದಕ್ಕಿಂತ ಪಟ ತೆಗೆಯುವ ಯಂತ್ರವನ್ನು ಶುಚಿಮಾಡುವುದರಲ್ಲಿಯೇ ನನಗೆ ಪ್ರತಿಭೆ ಹೆಚ್ಚೆಂದು ನನ್ನ ಹೆಂಡತಿ ಹೇಳುವುದುಂಟು. ಗೋಡೆಯ ಮೇಲೆ ತೂಗುಹಾಕಿರುವ ನನ್ನ ಪಟಗಳನ್ನು ಕಂಡ ನೆಂಟರು ಯಾರೂ ಈವರೆಗೆ ಆ ಮಾತನ್ನು ಅಲ್ಲಗಳೆದಿಲ್ಲ.

ಧೂಳು ತನ್ನ ಇರವನ್ನು ತೋರುವುದು ಆಕಾಶದಲ್ಲಿ. ಹಂಪೆಯ ಮತಂಗ ಪರ್ವತದ ನೆತ್ತಿಯಲ್ಲಿ ನಿಂತು, ಕೆಳಗಿನ ಅಚ್ಯುತರಾಯ ದೇವಾಲಯದ ಪ್ರಾಕಾರವೂ, ಆಚೆ ಹರಿಯುವ ತುಂಗಭದ್ರೆಯೂ, ದಿಗಂತದವರೆಗೆ ಹಬ್ಬಿದ ಬಂಡೆಗಳ ರಾಶಿಯೂ ಒಂದೇ ಸಮನಾಗಿ ಸ್ಪಷ್ಟವಾಗಿ ಮೂಡಲೆಂದು ಅಪರ್ಚರನ್ನು, ಎಂದರೆ ಮಸೂರದ ರಂಧ್ರವನ್ನು, ಎಫ್/16ಕ್ಕೆ ಕಿರಿದುಗೊಳಿಸಿ ತೆಗೆದ ಪಟವನ್ನು ಮನೆಗೆ ಬಂದು ಹಿಗ್ಗಿಸಿ ನೋಡಿದರೆ, ನಿರ್ಮಲವಾದ ನೀಲಿಯ ನಡುವೆ ಹದ್ದೂ ಅಲ್ಲದ, ಮೋಡವೂ ಅಲ್ಲದ, ಅಂಚು ಕರಗಿದ ಬೂದುಬಣ್ಣದ ಒಂದು ಚುಕ್ಕೆ. ಮುಂದಿನ ಪಟದಲ್ಲಿಯೂ ಅದೇ ಚುಕ್ಕೆ, ಅದೇ ಎಡೆಯಲ್ಲಿ. ಹಂಪೆಯಿಂದ ಹೊರಟು ಮಧುಗಿರಿಯ ಕಡೆಯ ಮೈದನಹಳ್ಳಿಗೆ ಹೋದರೆ ಅಲ್ಲಿನ ಕೃಷ್ಣಮೃಗಗಳ ತಲೆಯ ಮೇಲೆಯೂ ಅದೇ ನಿಂತಿರುತ್ತದೆ. ದೇಶ ಕಾಲಗಳು ಬದಲಾದರೂ ಸ್ಥಾನ ಬದಲಿಸದ ಈ ಪದಾರ್ಥವು ಲೋಕದಲ್ಲಿಲ್ಲ, ನಮ್ಮ ಕೈಯಲ್ಲಿರುವ ಪೆಟ್ಟಿಗೆಯೊಳಗೇ ಇದೆಯೆಂಬುದು ಆಗ ನಿಶ್ಚಯವಾಗುತ್ತದೆ.

ಫಿಲ್ಮಿನ ಕಾಲದಲ್ಲಿ ಉಪದ್ರವದ ರೀತಿಯೇ ಬೇರೆಯಿತ್ತು. ಪ್ರತಿ ಪಟಕ್ಕೂ ಫಿಲ್ಮಿನ ಹೊಸ ತುಂಡೊಂದು ಮಸೂರದ ಹಿಂದೆ ಬಂದು ನಿಲ್ಲುತ್ತಿದ್ದುದರಿಂದ, ಅದರ ಮೇಲೆ ಕುಳಿತು ಒಂದು ಪಟವನ್ನು ಕೆಡಿಸಿದ ಕಣವು ಆ ಪಟದೊಡನೆಯೇ ಸುರುಳಿ ಸುತ್ತಿಕೊಂಡು ಮುಂದಕ್ಕೆ ಸಾಗುತ್ತಿತ್ತು. ಅಂದಿನವರ ಧೂಳಿನ ಕಷ್ಟವೆಲ್ಲ ಡಾರ್ಕ್‌ರೂಮಿನಲ್ಲಿ ಮೊದಲಾಗುತ್ತಿತ್ತು: ನೆಗಟಿವ್ ಮೇಲೆ ಬಿದ್ದ ಕಣ ಬೆಳಕನ್ನು ತಡೆದು ಕಾಗದದ ಮೇಲೆ ಬಿಳಿಯ ಚುಕ್ಕೆಯಾಗಿ ಮೂಡುತ್ತಿತ್ತು. ನಮ್ಮೂರಿನ ಸ್ಟುಡಿಯೋದಲ್ಲಿ ಹಿರಿಯರೊಬ್ಬರು ಮಧ್ಯಾಹ್ನದ ಹೊತ್ತು ಕಿಟಕಿಯ ಬಳಿ ಕುಳಿತು, ನಾಲ್ಕಾರು ಕೂದಲಷ್ಟೇ ಇರುವ ಕುಂಚದ ತುದಿಯನ್ನು ತುಟಿಯಲ್ಲಿ ಒದ್ದೆಮಾಡಿ, ಬೂದುಬಣ್ಣವನ್ನು ಅಷ್ಟಷ್ಟೇ ತೆಗೆದುಕೊಂಡು, ಮದುಮಗಳ ಕೆನ್ನೆಯ ಮೇಲಿನ ಬಿಳಿಚುಕ್ಕೆಯನ್ನು ಸುತ್ತಲಿನ ಛಾಯೆಯಲ್ಲಿ ಲಯಗೊಳಿಸುತ್ತಿದ್ದುದನ್ನು ನಾನು ಬಾಲ್ಯದಲ್ಲಿ ಬಹಳ ಹೊತ್ತು ನಿಂತು ನೋಡಿದ್ದೇನೆ. ಅವರದು ಬಿಳಿಯನ್ನು ಮುಚ್ಚುವ ವಿದ್ಯೆ. ನಮ್ಮದು ಕಪ್ಪನ್ನು ಕಳೆಯುವ ವಿದ್ಯೆ. ಏಕೆಂದರೆ ಸೆನ್ಸರಿಗೆ ಬರುವ ಬೆಳಕನ್ನು ತಡೆದ ಕಣ ಪಟದಲ್ಲಿ ಕಪ್ಪಾಗಿಯೇ ಕಾಣುತ್ತದೆ.

ಬೆಲ್ ಪ್ರಯೋಗಾಲಯದ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಎಂಬಿಬ್ಬರು 1969ರಲ್ಲಿ ಸಿಸಿಡಿ ಎಂಬ ಬಗೆಯ ಸೆನ್ಸರನ್ನು ಕಲ್ಪಿಸಿದಾಗ, ಅದಕ್ಕಾಗಿ 2009ರಲ್ಲಿ ನೊಬೆಲ್ ಪಾರಿತೋಷಕದ ಪಾಲು ಪಡೆದಾಗ, ತಾವು ಫಿಲ್ಮಿನ ಜೊತೆಗೆ ಪ್ರತಿ ಪಟಕ್ಕೂ ಹೊಸ ತುಂಡೊದಗುವ ಅದರ ಸೌಭಾಗ್ಯವನ್ನೂ ಕಳೆದೆವೆಂದು ಅವರಿಗೆ ತೋರಿತೋ ಇಲ್ಲವೋ. ಇಂದಿನ ಸೆನ್ಸರುಗಳು ಬಹುಮಟ್ಟಿಗೆ ಬೇರೆ ಜಾತಿಯವು. ಆದರೂ ಕುಳಿತ ಸ್ಥಳದಿಂದ ಏಳದೆ ಸಾವಿರಾರು ಪಟಗಳನ್ನು ಒಂದೇ ಮೈಯಿಂದ ಗ್ರಹಿಸುವ ಸ್ವಭಾವ ಅವೆಲ್ಲಕ್ಕೂ ಸಮಾನ. ಫುಲ್‌ಫ್ರೇಮ್ ಕ್ಯಾಮರಾದಲ್ಲಿ ಆ ಮೈಯ ಅಗಲ 36 ಮಿಲಿಮೀಟರು, ಎತ್ತರ 24. ಪಿಕ್ಸೆಲ್ಲೆಂಬ ಎರಡು ಕೋಟಿ ನಲವತ್ತು ಲಕ್ಷ ಬಿಂದುಗಳ ಸೆನ್ಸರಿನಲ್ಲಿ ಅಡ್ಡಸಾಲಿಗೆ 6000 ಬಿಂದುಗಳನ್ನು ಕೂರಿಸಿರುವುದರಿಂದ ಒಂದೊಂದರ ಪಾಲಿಗೆ 6 ಮೈಕ್ರಾನಷ್ಟು ಜಾಗ. ತಲೆಗೂದಲಿನ ದಪ್ಪ ಹೆಚ್ಚುಕಡಮೆ 70 ಮೈಕ್ರಾನ್. ನಾವು ಕಣ್ಣಿಗೂ ಹಾಕಿಕೊಳ್ಳದ ಒಂದು ಎಳೆ ಅಲ್ಲಿ ಹತ್ತು ಹನ್ನೆರಡು ಬಿಂದುಗಳ ಮೇಲೆ ದೂಲದಂತೆ ಮಲಗುತ್ತದೆ.

ವಾಸ್ತವದಲ್ಲಿ ಧೂಳು ಆ ಬಿಂದುಗಳನ್ನು ಮುಟ್ಟುವುದೇ ಇಲ್ಲ. ಸೆನ್ಸರಿನ ಮುಂದೆ ಅತಿಕೆಂಪು ಕಿರಣಗಳನ್ನು ತಡೆಯುವ ಗಾಜಿನ ತೆಳುಹಲ್ಲೆಯೊಂದುಂಟು. ಕಣ ಕೂರುವುದು ಅದರ ಮೇಲೆ, ನಾವು ಒರೆಸುವುದೂ ಅದನ್ನೇ. ಗಾಜಿನ ಮೇಲ್ಮೈಗೂ ಬಿಂದುಗಳಿಗೂ ನಡುವೆ ಇರುವ ಎಳ್ಳಷ್ಟು ಅಂತರದಲ್ಲಿಯೇ ಈ ವಿನೋದದ ರಹಸ್ಯವೆಲ್ಲ ಅಡಗಿದೆ. ಅಂಗಳದಲ್ಲಿ ಬಟ್ಟೆ ಒಣಹಾಕಲು ಕಟ್ಟಿದ ತಂತಿಗೆ ಮೋಡ ಕವಿದ ದಿನ ನೆರಳೇ ಇರುವುದಿಲ್ಲ, ಬಿಸಿಲು ಬಿದ್ದ ದಿನ ನೆಲದ ಮೇಲೆ ಗೆರೆ ಎಳೆದಂತೆ ನೆರಳು ಬೀಳುತ್ತದೆ. ಬೆಳಕು ಆಕಾಶದ ಎಲ್ಲ ಕಡೆಯಿಂದ ಬಂದರೆ ನೆರಳು ಕರಗುತ್ತದೆ, ಒಂದೇ ಕಡೆಯಿಂದ ಬಂದರೆ ಗಟ್ಟಿಯಾಗುತ್ತದೆ. ಅಪರ್ಚರಿನ ವ್ಯವಹಾರವೂ ಇದೇ. ಎಫ್/2ರಲ್ಲಿ ವಿಶಾಲವಾಗಿ ತೆರೆದ ಮಸೂರದ ಎಲ್ಲ ಅಂಚುಗಳಿಂದ ಬಂದ ಬೆಳಕು ಕಣವನ್ನು ಬಳಸಿ ಅದರ ಬೆನ್ನ ಹಿಂದೆ ನುಗ್ಗುತ್ತದೆ. ಎಫ್/16ರ ಕಿರಿದಾದ ರಂಧ್ರದಿಂದ ಬಂದ ಬೆಳಕಾದರೆ ಕಣದ ನೆರಳನ್ನು ಇದ್ದಹಾಗೆ ಒಪ್ಪಿಸಿಬಿಡುತ್ತದೆ. ಮದುವೆಮನೆಯಲ್ಲಿ ಮಸೂರವನ್ನು ಅಗಲವಾಗಿ ತೆರೆದು ಮುಖಗಳನ್ನಷ್ಟೇ ತೆಗೆಯುವವರು ವರ್ಷಗಟ್ಟಲೆ ಧೂಳನ್ನು ಸಾಕಿಕೊಂಡೂ ನಿಶ್ಚಿಂತರಾಗಿರುವುದಕ್ಕೆ ಇದೇ ಕಾರಣ.

ಹೀಗಾಗಿ ಶೋಧಕನಿಗೆ ದೊರೆಯುವುದು ಕಣವಲ್ಲ, ಕಣದ ನೆರಳು. ಪರ್ವತದ ಮೇಲಿನ ಹೊಗೆಯನ್ನು ಕಂಡು ಅಲ್ಲಿ ಅಗ್ನಿಯಿದೆಯೆಂದು ಊಹಿಸುವ ನಮ್ಮ ನೈಯಾಯಿಕರಿಗೆ ಈ ಕಾರ್ಯವನ್ನು ವಹಿಸಿದ್ದರೆ ಅವರು ಪರಮಾನಂದಪಡುತ್ತಿದ್ದರೆಂದು ನನ್ನ ನಂಬಿಕೆ. ಇಲ್ಲಿ ಪ್ರತ್ಯಕ್ಷಕ್ಕೆ ಅವಕಾಶ ಕಡಮೆ, ಅನುಮಾನವೇ ಪ್ರಮಾಣ. ಬಿಳಿಯ ಗೋಡೆಯ ಎದುರಿಗೆ ನಿಂತು, ಫೋಕಸ್ಸನ್ನು ಬೇಕೆಂದೇ ಕೆಡಿಸಿ, ಅಪರ್ಚರನ್ನು ಎಫ್/22ಕ್ಕೆ ಇಳಿಸಿ, ಶಟರ್ ಒಂದೆರಡು ಸೆಕೆಂಡು ತೆರೆದಿರುವಂತೆ ಮಾಡಿ, ಆ ಅವಧಿಯಲ್ಲಿ ಕ್ಯಾಮರಾವನ್ನು ಅತ್ತಿತ್ತ ಆಡಿಸಬೇಕು. ಗೋಡೆಯ ಸುಣ್ಣದ ಒರಟು, ಮೊಳೆಯ ತೂತು, ಮಕ್ಕಳು ಗೀಚಿದ ಗೆರೆ ಎಲ್ಲವೂ ಅಲುಗಾಟದಲ್ಲಿ ಕಲಸಿಹೋಗಿ ಬರಿಯ ಬಿಳುಪು ಉಳಿಯುತ್ತದೆ. ಧೂಳು ಕ್ಯಾಮರಾದೊಡನೆಯೇ ಚಲಿಸುವುದರಿಂದ ಅದರ ನೆರಳು ಮಾತ್ರ ಅಚಲವಾಗಿ ನಿಲ್ಲುತ್ತದೆ. ಕೈ ನಡುಗಬಾರದೆಂದು ಜನ್ಮವಿಡೀ ಸಾಧನೆ ಮಾಡುವ ಈ ಕಲೆಯಲ್ಲಿ ಕೈ ನಡುಗಿದಷ್ಟೂ ಶ್ರೇಯಸ್ಸೆನ್ನುವ ಘಳಿಗೆ ಇದೊಂದೇ. ಆಮೇಲೆ ಆ ಬಿಳಿಯ ಪಟವನ್ನು ಪರದೆಯ ಮೇಲೆ ಹಿಗ್ಗಿಸಿ ನಕ್ಷೆ ಓದುವುದು. ಮಸೂರ ಬಿಂಬವನ್ನು ತಲೆಕೆಳಗು ಮಾಡುವುದರಿಂದ ಪಟದ ಮೇಲ್ಭಾಗದ ಚುಕ್ಕೆ ಸೆನ್ಸರಿನ ಕೆಳಭಾಗದ್ದು. ಆದರೆ ನಾವು ಕ್ಯಾಮರಾದ ಬಾಯಿಗೆ ಎದುರಾಗಿ ನಿಂತು ನೋಡುವುದರಿಂದ ಎಡಬಲಗಳು ಅದಲುಬದಲಾಗುವುದಿಲ್ಲ. ಬಲಮೇಲಿನ ಚುಕ್ಕೆಯನ್ನು ಬಲಗೆಳಗೆ ಹುಡುಕಬೇಕು. ಇದನ್ನು ಪ್ರತಿಸಲವೂ ಮನಸ್ಸಿನಲ್ಲಿ ಹೊಸದಾಗಿ ತಿರುಗಿಸಿ ನೋಡಿಕೊಳ್ಳುವುದರಲ್ಲಿ ನನಗೊಂದು ಬಗೆಯ ಸುಖವಿದೆ.

ಶುದ್ಧೀಕರಣಕ್ಕೆ ಯೋಗ್ಯವಾದ ಸ್ಥಳ ನಮ್ಮ ಮನೆಯಲ್ಲಿ ಒಂದೇ: ಬಚ್ಚಲುಮನೆ. ಹಂಡೆಯ ಒಲೆಯಿದ್ದ ಕಾಲದಲ್ಲಾದರೆ ಬೂದಿ ಹಾರುವ ಆ ಎಡೆ ಇದಕ್ಕೆ ಒದಗುತ್ತಿರಲಿಲ್ಲ. ಈಗ ಎಲ್ಲರ ಸ್ನಾನವೂ ಮುಗಿದು, ಬಿಸಿನೀರಿನ ಹಬೆ ಗಾಳಿಯಲ್ಲಿದ್ದ ಧೂಳನ್ನೆಲ್ಲ ತನ್ನೊಡನೆ ನೆಲಕ್ಕಿಳಿಸಿ, ಆ ಹಬೆಯೂ ಆರಿದ ಮೇಲೆ ಅದರಷ್ಟು ನಿರ್ಧೂಳಿಯಾದ ಸ್ಥಳ ಇನ್ನೊಂದಿಲ್ಲ. ಉಣ್ಣೆಯ ಬಟ್ಟೆ ತೊಡಬಾರದು. ಬ್ಯಾಟರಿ ಪೂರ್ಣವಾಗಿ ತುಂಬಿರಬೇಕು. ಮೆನುವಿನಲ್ಲಿ ಶುಚೀಕರಣದ ಆಯ್ಕೆಯನ್ನು ಒತ್ತಿದಾಗ ಸೆನ್ಸರಿನ ಮುಂದಿರುವ ಕನ್ನಡಿ ಮೇಲೆದ್ದು ಶಟರಿನ ತೆರೆ ಸರಿದು ನಿಲ್ಲುವುದು ವಿದ್ಯುತ್ತಿನ ಬಲದಿಂದ, ಅದು ನಡುವೆ ಕೈಕೊಟ್ಟರೆ ಒರೆಸಲು ಒಳಗಿಟ್ಟ ಕಡ್ಡಿಯ ಮೇಲೆಯೇ ತೆರೆ ಬೀಳುತ್ತದೆ. ಮೊದಲು ರಬ್ಬರಿನ ಬ್ಲೋವರ್. ಅದರ ಹೊಟ್ಟೆಯಲ್ಲಿರಬಹುದಾದ ಧೂಳನ್ನು ಎರಡು ಮೂರು ಸಲ ಹೊರಗೆ ಊದಿಸಿ, ಕ್ಯಾಮರಾದ ಬಾಯಿ ನೆಲಕ್ಕೆ ಮುಖವಾಗುವಂತೆ ಹಿಡಿದು, ಮೂತಿ ಗಾಜಿಗೆ ತಗುಲದ ದೂರದಿಂದ ಒತ್ತಬೇಕು. ಬಾಯಿಂದ ಊದಿದರೆ ಉಗುಳಿನ ಹನಿ ಬೀಳುತ್ತದೆ. ಡಬ್ಬಿಯಲ್ಲಿ ತುಂಬಿಟ್ಟ ಗಾಳಿಯೊಡನೆ ಅದನ್ನು ನೂಕುವ ದ್ರವವೂ ಚಿಮ್ಮಿ ಕಲೆಮಾಡುತ್ತದೆ. ಒಣ ಧೂಳಿನಲ್ಲಿ ಬಹುಪಾಲು ಬ್ಲೋವರಿನ ಗಾಳಿಗೇ ಹೊರಡುತ್ತದೆ.

ಹೊರಡದವುಗಳಲ್ಲಿಯೇ ಸ್ವಾರಸ್ಯ. ದರೋಜಿಯ ಕರಡಿಧಾಮದ ಸುತ್ತಿನ ಒಣ ಮಣ್ಣು ಎಷ್ಟೇ ಬಂದರೂ ಸಜ್ಜನ, ಊದಿದರೆ ಎದ್ದು ಹೋಗುತ್ತದೆ. ಹೂ ಬಿಡುವ ಕಾಲದಲ್ಲಿ ಕಾಡಿನಲ್ಲಿ ಮಸೂರ ಬದಲಿಸಿದರೆ ಒಳಹೊಕ್ಕುವ ಪರಾಗವು ಅಂಟು, ಕುಳಿತರೆ ಕುಳಿತದ್ದೇ. ಮಸೂರವನ್ನು ತಿರುಗಿಸಿ ತಿರುಗಿಸಿ ಕೂರಿಸುವಾಗ ಲೋಹಕ್ಕೆ ಲೋಹ ಸವೆದು ಉದುರುವ ಅರಪುಡಿ ಗೀರುಮಾಡುವ ಜಾತಿಯದಾದ್ದರಿಂದ ಅದನ್ನು ಕಂಡರೆ ನನಗೆ ಭಯ. ಹೊಸ ಕ್ಯಾಮರಾದ ಶಟರು ಒಮ್ಮೊಮ್ಮೆ ಸಿಡಿಸುವ ಎಣ್ಣೆಯ ಹನಿಯಂತೂ ನಡುವೆ ತಿಳಿಯಾಗಿ ಸುತ್ತ ಉಂಗುರ ಕಟ್ಟಿದ ನೆರಳಿನಿಂದಲೇ ತನ್ನ ಕುಲವನ್ನು ಹೇಳಿಕೊಳ್ಳುತ್ತದೆ. ಇವಕ್ಕೆಲ್ಲ ಒದ್ದೆಯ ಉಪಚಾರವೇ ಬೇಕು.

ಸೆನ್ಸರಿನ ಎತ್ತರದಷ್ಟೇ ಅಗಲವಾದ, ಮೂತಿಗೆ ಎಳೆ ಬಿಡದ ಮೃದುವಸ್ತ್ರ ಸುತ್ತಿದ ಒಂದು ಚಪ್ಪಟೆ ಕಡ್ಡಿ. ಅದನ್ನು ಸ್ವಾಬ್ ಎನ್ನುತ್ತಾರೆ. ಅದರ ಅಂಚಿಗೆ ಎರಡು ಹನಿ ಶುದ್ಧ ಮೆಥನಾಲು. ಮೆಥನಾಲ್ ವಿಷವೂ ಹೌದು, ಬೆಂಕಿಗೆ ಬೇಗ ಹತ್ತಿಕೊಳ್ಳುವಂಥದೂ ಹೌದು, ಆದಕಾರಣ ಸೀಸೆಯ ಮುಚ್ಚಳ ತೆರೆದಿರುವುದು ಆ ಒಂದು ಕ್ಷಣ ಮಾತ್ರ. ಹನಿ ವಸ್ತ್ರದಲ್ಲಿ ಹರಡುವುದಕ್ಕೆ ಸ್ವಲ್ಪ ತಡೆದು, ಟಾರ್ಚಿನ ಬೆಳಕು ಓರೆಯಾಗಿ ಬಿದ್ದು ಹಸಿರು ನೇರಳೆ ಛಾಯೆಗಳಲ್ಲಿ ಮಿನುಗುವ ಆ ಗಾಜಿನ ಒಂದು ಅಂಚಿನಲ್ಲಿ ಸ್ವಾಬನ್ನು ಊರಿ, ಕಡ್ಡಿ ತುಸುವೇ ಬಾಗುವಷ್ಟು ಒತ್ತಿ, ಎಲ್ಲಿಯೂ ನಿಲ್ಲದೆ ಇನ್ನೊಂದು ಅಂಚಿನವರೆಗೆ ಎಳೆದುಕೊಂಡು ಬರಬೇಕು. ಬಳಿಕ ಅದನ್ನು ಮಗುಚಿ, ಬಳಸದ ಮಗ್ಗುಲಿನಿಂದ ಮರಳಿ ಒಯ್ಯಬೇಕು. ಅಷ್ಟೆ. ಆ ಸ್ವಾಬಿನ ಜನ್ಮ ಅಲ್ಲಿಗೆ ಸಾರ್ಥಕ. ಅದನ್ನೇ ಮತ್ತೆ ಬಳಸುವ ಜಿಪುಣತನ ಇಲ್ಲಿ ಸಲ್ಲದು. ಕಡ್ಡಿ ದಾಟಿದ ಕೂಡಲೇ ಗಾಜಿನ ಮೇಲೆ ಉಳಿದ ದ್ರವದ ತೆಳುಪೊರೆ ಅಂಚುಗಳಿಂದ ಒಳಕ್ಕೆ ಸರಿಯುತ್ತ, ಆರುವ ಕೊನೆಯ ಘಳಿಗೆಯಲ್ಲಿ ಬಣ್ಣಬಣ್ಣದ ಗೆರೆಗಳನ್ನು ತೋರಿ ಇಲ್ಲವಾಗುತ್ತದೆ. ಅರೆಕ್ಷಣದ ಆ ನೋಟಕ್ಕಾಗಿಯೇ ನಾನು ತಲೆಯನ್ನು ಬಾಗಿಸಿ, ಕನ್ನಡಕವನ್ನು ಹಣೆಗೇರಿಸಿ, ಕಾದಿರುತ್ತೇನೆ.

ನನ್ನ ಸೋದರಳಿಯನಿಗೆ ಇದೆಲ್ಲ ಹಾಸ್ಯಾಸ್ಪದ. “ಮಾವ, ಕಂಪ್ಯೂಟರಿನಲ್ಲಿ ಒಂದು ಸಲ ಒತ್ತಿದ್ರೆ ಆ ಚುಕ್ಕೆ ಹೋಗತ್ತಲ್ಲ, ನೀವ್ಯಾಕೆ ಬಚ್ಚಲಲ್ಲಿ ಬಾಗಿಲು ಹಾಕ್ಕೊಂಡು ಕೂತ್ಕೋತೀರಿ?” ಎಂದು ಕೇಳುತ್ತಾನೆ. ಅವನು ಹೇಳುವುದು ಸುಳ್ಳಲ್ಲ. ಬರಿಯ ಆಕಾಶದ ಮೇಲಿನ ಚುಕ್ಕೆಯನ್ನು ಸುತ್ತಲಿನ ನೀಲಿಯಿಂದಲೇ ತೇಪೆಹಾಕಿ ಮುಚ್ಚುವುದು ಯಂತ್ರಕ್ಕೆ ಸುಲಭ. ಆದರೆ ರಂಗನತಿಟ್ಟಿನಲ್ಲಿ ಕೊಕ್ಕರೆಯೊಂದು ರೆಕ್ಕೆ ಬಿಚ್ಚಿ ಇಳಿಯುವಾಗ ಆ ಚುಕ್ಕೆ ಗರಿಯ ಅಂಚಿನ ಮೇಲೆಯೇ ಬಿದ್ದರೆ, ತೇಪೆಯಲ್ಲಿ ಮೂಡುವ ಗರಿ ಆ ಹಕ್ಕಿಯದಲ್ಲ. ಇದ್ದುದನ್ನು ಇದ್ದಂತೆ ಹಿಡಿದೆನೆಂಬ ಹೆಮ್ಮೆಯೊಂದೇ ನಮ್ಮ ಬಳಗದ ಆಸ್ತಿಯಾಗಿರುವಾಗ, ಅದನ್ನು ಹಾಗೆ ಬಿಟ್ಟುಕೊಡಲು ನನಗೆ ಮನಸ್ಸಿಲ್ಲ.

ತಯಾರಕರೂ ಸುಮ್ಮನಿಲ್ಲ. 2003ರಲ್ಲಿ ಒಲಿಂಪಸ್ ಕಂಪನಿಯ ಇ-1 ಎಂಬ ಕ್ಯಾಮರಾ ಸೆನ್ಸರಿನ ಮುಂದಿನ ಗಾಜನ್ನು ಕಿವಿಗೆ ಕೇಳದ ವೇಗದಲ್ಲಿ ಕಂಪಿಸಿ ಧೂಳನ್ನು ಕೊಡಹುವ ಉಪಾಯದೊಡನೆ ಬಂದಿತು. 2006ರಲ್ಲಿ ಕ್ಯಾನನ್, 2007ರಲ್ಲಿ ನಿಕಾನ್ ಅದೇ ಜಾಡಿಗೆ ಬಂದುವು. ಒಣ ಧೂಳು ಇದಕ್ಕೆ ಬಗ್ಗುತ್ತದೆ; ಪರಾಗವೂ ಎಣ್ಣೆಯೂ ಜಗ್ಗುವುದಿಲ್ಲವಾದ್ದರಿಂದ ನನ್ನ ವಿನೋದಕ್ಕೆ ಕುಂದು ಬಂದಿಲ್ಲ. ಕನ್ನಡಿಯಿಲ್ಲದ ಈಚಿನ ಕ್ಯಾಮರಾಗಳಲ್ಲಿ ಮಸೂರ ತೆಗೆದೊಡನೆ ಸೆನ್ಸರು ದಿಗಂಬರವಾಗಿ ಎದುರಿಗೇ ಇರುತ್ತದೆ. 2018ರ ಕ್ಯಾನನ್ ಇಒಎಸ್ ಆರ್ ಇದನ್ನು ನೆನೆದೇ ಸ್ವಿಚ್ ಆರಿಸಿದಾಗ ಶಟರಿನ ತೆರೆಯನ್ನು ಎಳೆದುಕೊಳ್ಳುತ್ತದೆ; ಮರ್ಯಾದಸ್ಥರ ಲಕ್ಷಣ.

ಇನ್ನು ಎಲ್ಲಿ ನಿಲ್ಲಿಸಬೇಕೆಂಬ ವಿಚಾರ. ಎಫ್/22ರಲ್ಲಿ ಚುಕ್ಕೆಯೊಂದೂ ಇಲ್ಲದ ಬಿಳುಪನ್ನು ಸಾಧಿಸಹೊರಟವನು ಬಚ್ಚಲುಮನೆಯಿಂದ ಹೊರಗೆ ಬರುವುದಿಲ್ಲ: ಒಂದು ಕಣವನ್ನು ನಡುವಿನಿಂದ ನೂಕಿದರೆ ಅದು ಮೂಲೆಗೆ ಹೋಗಿ ಕೂರುತ್ತದೆ, ಮೂಲೆಯದನ್ನು ಎಬ್ಬಿಸಿದರೆ ಇನ್ನೆರಡು ಬರುತ್ತವೆ, ಪ್ರತಿ ಒರೆಸಿನೊಡನೆ ಗಾಜಿಗೆ ಅಪಾಯವೂ ಅಷ್ಟಷ್ಟು ಬೆಳೆಯುತ್ತದೆ. ಅಷ್ಟು ಕಿರಿದಾದ ರಂಧ್ರದಲ್ಲಿ ಬೆಳಕು ಅಂಚಿಗೆ ತಾಗಿ ಚದುರುವುದರಿಂದ ಪಟವೇ ಮಸುಕಾಗುತ್ತದೆ. ಯಾರೂ ತೆಗೆಯದ ಪಟದಲ್ಲಿ ಮಾತ್ರ ಕಾಣುವ ಕಣಕ್ಕಾಗಿ ಹೋರಾಡುವುದು ನನಗೆ ಸರಿಕಾಣದು. ಎಫ್/16ರಲ್ಲಿ ಆಕಾಶ ತಿಳಿಯಾಯಿತೆಂದರೆ ಸ್ವಾಬುಗಳನ್ನು ಎತ್ತಿಡುತ್ತೇನೆ. ಸದ್ಯಕ್ಕೆ ಸೆನ್ಸರಿನ ಮೇಲಂಚಿನಲ್ಲಿ ಎಷ್ಟು ಒರೆಸಿದರೂ ಏಳದ ಒಂದು ಪರಾಗದ ಕಣವಿದೆ. ಅದು ಪಟದ ಕೆಳಭಾಗದಲ್ಲಿ, ಬಹುಮಟ್ಟಿಗೆ ಹುಲ್ಲಿನಲ್ಲಿಯೋ ಬಂಡೆಯ ಬಿರುಕಿನಲ್ಲಿಯೋ ಬೀಳುತ್ತದೆ, ಇರಲಿ.