ಹತ್ತು ನಿಮಿಷದ ನಾಷ್ಟಾ

ಬೆಳಗಿನ ಹೊತ್ತು ಗಡಿಯಾರಕ್ಕೂ ಹೊಟ್ಟೆಗೂ ನಡೆಯುವ ಜಗಳ ಪಟ್ಟಣದ ಮನೆಗಳಲ್ಲಿ ನಿತ್ಯದ್ದು. ನಮ್ಮ ಹಾವೇರಿ 1997ರಲ್ಲಿ ಜಿಲ್ಲಾ ಕೇಂದ್ರವಾಯಿತು; ಕಚೇರಿಗಳು ಬಂದವು, ಅವುಗಳ ಬೆನ್ನಿಗೇ ಅವಸರವೂ ಬಂದಿತು. ಎಂಟಕ್ಕೆ ಮಕ್ಕಳ ಬಸ್ಸು, ಒಂಬತ್ತೂವರೆಗೆ ನಮ್ಮ ಹಾಜರಿ. ನಡುವೆ ಕಾಯಿಪಲ್ಯೆ ತೊಳೆದು, ಹೆಚ್ಚಿ, ಬೇಯಿಸುವುದೆಂದರೆ ಯಾರಿಗಾದರೂ ಸಿಟ್ಟು ತರಿಸುವ ಕೆಲಸವೇ. ಆದರೆ ಈ ಜಗಳವನ್ನು ನಮ್ಮ ಸೀಮೆಯ ಹೆಣ್ಣುಮಕ್ಕಳು ಬಲು ಹಿಂದೆಯೇ ಬಗೆಹರಿಸಿಟ್ಟಿದ್ದಾರೆ. ಆ ತೀರ್ಪು ಅಟ್ಟದ ಮೇಲಿನ ಡಬ್ಬಿಯಲ್ಲಿ ಭದ್ರವಾಗಿರುತ್ತದೆ. ಅದರ ಹೆಸರು ಬಾಳಕ.

ಬಾಳಕವೆಂದರೆ ಬರಿಯ ಮೆಣಸಿನಕಾಯಿ ಎಂದು ತಿಳಿದವರುಂಟು. ಮೆಣಸಿನಕಾಯಿಯ ಹಿರಿತನವನ್ನು ನಾನೂ ಒಪ್ಪುತ್ತೇನೆ. ಆದರೆ ಚವಳಿಕಾಯಿ, ಹಾಗಲಕಾಯಿ, ಬೆಂಡೆಕಾಯಿ, ಬದನೆಕಾಯಿ ಎಲ್ಲಕ್ಕೂ ಆ ಪಂಕ್ತಿಯಲ್ಲಿ ಎಲೆ ಉಂಟು. ರಾಣೇಬೆನ್ನೂರಿನಲ್ಲಿರುವ ನಮ್ಮ ಸೋದರತ್ತೆ ಚವಳಿಕಾಯಿಯಲ್ಲಿ ನಿಸ್ಸೀಮಳು. ಎಳೆಯದನ್ನೇ ಆರಿಸಿ, ತೊಟ್ಟು ಮುರಿದು, ಕುದಿಯುವ ಉಪ್ಪುನೀರಿನಲ್ಲಿ ಬಣ್ಣ ತಿರುಗುವಷ್ಟೇ ಹೊತ್ತು ಹಾಕಿ ತೆಗೆಯುತ್ತಾಳೆ. ರಾತ್ರಿ ಹುಳಿ ಮಜ್ಜಿಗೆಯಲ್ಲಿ ಉಪ್ಪು, ಜೀರಿಗೆ, ಇಂಗಿನ ಜೊತೆ ಅದರ ವಾಸ. ಹಗಲು ಮಾಳಿಗೆಯ ಮೇಲೆ ಬಿಸಿಲಿನಲ್ಲಿ. ಸಂಜೆ ಮತ್ತೆ ಮಜ್ಜಿಗೆ. ಮಜ್ಜಿಗೆಯೆಲ್ಲ ಕಾಯಿಗೆ ಹೀರಿದ ಮೇಲೂ, ಮುರಿದರೆ ಚಟ್ಟೆನ್ನುವ ತನಕ ಬಿಸಿಲು ತಪ್ಪದು. ನೀರಿಲ್ಲದಲ್ಲಿ ಬೂಷ್ಟು ಬೆಳೆಯುವುದಿಲ್ಲ. ಉಪ್ಪು ಒಳಗಿನ ನೀರನ್ನು ಹೊರಗೆಳೆಯುತ್ತದೆ, ಬಿಸಿಲು ಅದನ್ನು ಒಯ್ಯುತ್ತದೆ. ಶಾಸ್ತ್ರವಿಷ್ಟೇ. ಬಿಸಿಲಿಗೆ ಸಿ ಜೀವಸತ್ವ ಬಹುಪಾಲು ಹಾಳಾಗುವುದು ನಿಜ, ರುಚಿ ಹಾಳಾಗುವುದಿಲ್ಲ.

ರಾಣೇಬೆನ್ನೂರಿನಿಂದ ಹಾವೇರಿಗೆ ಬರುವ ದಾರಿಯಲ್ಲಿ ಬ್ಯಾಡಗಿ ಇದೆ. ಅತ್ತೆಯ ಮಾಳಿಗೆಯ ವಿದ್ಯೆಯೇ ಅಲ್ಲಿ ಊರಗಲದ ವ್ಯಾಪಾರವಾಗಿದೆ. ವರ್ಷದ ಮೊದಲ ತಿಂಗಳುಗಳಲ್ಲಿ ಅಲ್ಲಿಯ ಮಾರುಕಟ್ಟೆಗೆ ಹೋದವನಿಗೆ ಊರು ಕಣ್ಣಿಗೆ ಬೀಳುವ ಮೊದಲೇ ಮೂಗಿಗೆ ತಾಕುತ್ತದೆ. ಸುಕ್ಕುಗಟ್ಟಿದ ಕಡುಗೆಂಪು ಕಾಯಿ. ಬಣ್ಣ ಬಹಳ, ಖಾರ ಹದ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆಯಿತು. ಒಣಗಿದ ಮೇಲೆ ಅದನ್ನು ಶೀತಲಗೃಹಗಳಲ್ಲಿ ಇಡುತ್ತಾರೆ; ಬೆಳಕಿಗೂ ಕಾವಿಗೂ ಆ ಕೆಂಪು ಮಾಸುತ್ತದೆ. ಒಣಗುವ ತನಕ ಬಿಸಿಲು ಗೆಳೆಯ, ಒಣಗಿದ ಮರುದಿನದಿಂದ ಹಗೆ! ಅತ್ತೆ ಡಬ್ಬಿಯನ್ನು ಕತ್ತಲ ಮೂಲೆಗೆ ಸರಿಸುವುದೂ ಇದೇ ಕಾರಣಕ್ಕೆ.

ಇನ್ನು ನಾಷ್ಟಾದ ಮಾತು. ತೆಳು ಅವಲಕ್ಕಿಗೆ ಮೊಸರು ಕಲಸಿ, ಎಣ್ಣೆಯಲ್ಲಿ ಕಂದಾಗುವಂತೆ ಹುರಿದ ಬಾಳಕದ ಮೆಣಸಿನಕಾಯಿಯನ್ನು ಅದರಲ್ಲಿ ನುರಿದರೆ ಒಂದು ನಾಷ್ಟಾ. ಚುರುಮುರಿ ನೆನೆಸಿ ಹಿಂಡಿ, ಒಗ್ಗರಣೆ ಕೊಟ್ಟು, ಪುಟಾಣಿ ಹಿಟ್ಟು ಉದುರಿಸಿ ಸುಸಲ ಮಾಡಿ, ಮಗ್ಗುಲಲ್ಲಿ ಕರಿದ ಚವಳಿಕಾಯಿ ಇಟ್ಟರೆ ಇನ್ನೊಂದು. ನೆರಳಲ್ಲಿ ಒಣಗಿಸಿದ ಮೆಂತ್ಯದ ಸೊಪ್ಪನ್ನು ಉಪ್ಪಿಟ್ಟಿನ ಎಸರಿಗೆ ತಿಕ್ಕಿ ಹಾಕಿದರೆ ಮನೆಯೆಲ್ಲ ಘಮಘಮ. ಒಣ ಬದನೆಯ ಹೋಳನ್ನು ರಾತ್ರಿಯೇ ನೀರಿಗೆ ಹಾಕಿಟ್ಟರೆ, ಬೆಳಿಗ್ಗೆ ಗುರೆಳ್ಳಿನ ಪುಡಿ ಬೆರೆಸಿದ ಪಲ್ಯವಾಗಿ ಕಡಕ್ ರೊಟ್ಟಿಗೆ ಜೊತೆಯಾಗುತ್ತದೆ. ಒಂದಕ್ಕೂ ಹತ್ತು ನಿಮಿಷ ಮೀರದು. ಮಳೆಗಾಲದಲ್ಲಿ ಸಂತೆಯ ಕಾಯಿಪಲ್ಯೆ ಕೈಗೆಟುಕದಾಗ ಇದರ ಬೆಲೆ ತಿಳಿಯುತ್ತದೆ. ಉಪ್ಪು ಜಾಸ್ತಿಯೆಂದು ರಕ್ತದೊತ್ತಡದವರು ಕೈ ಹಿಡಿದರೆ ಸಾಕು.

“ಹತ್ತು ನಿಮಿಷದಾಗ ಎಲ್ಲಾ ಮುಗೀತಲ್ಲ ಅತ್ತಿ!” ಎಂದು ನಾನೊಮ್ಮೆ ಹೊಗಳಿದ್ದೆ. ಆಕೆ ನಕ್ಕಳು. “ಮುಗೀಲಿಲ್ಲ ತಮ್ಮಾ. ಬ್ಯಾಸಿಗ್ಯಾಗ ಕೊಟ್ಟಿದ್ದ ಹೊತ್ತು, ಮಳಿಗಾಲದಾಗ ಇಸ್ಕೊಂಡಿ ಅಷ್ಟ.”

ಕೊಟ್ಟವರು ಯಾರು, ಇಸಿದುಕೊಂಡವರು ಯಾರು ಎಂಬ ಲೆಕ್ಕ ಅವಳು ಎತ್ತಲಿಲ್ಲ. ಹೋದ ಬೇಸಿಗೆಯಲ್ಲಿ ಅದು ತಾನಾಗಿಯೇ ಎದ್ದಿತು. ಮಂಡಿನೋವು ಬಲವಾಗಿ ಅತ್ತೆ ಮಾಳಿಗೆ ಹತ್ತಲಿಲ್ಲ. ಶ್ರಾವಣದ ಹೊತ್ತಿಗೆ ನಮ್ಮ ಡಬ್ಬಿ ತಳ ಕಂಡಿತು. ನಮ್ಮ ನೂರು ಬೆಳಗಿನ ಹತ್ತು ನಿಮಿಷಗಳು ಒಬ್ಬಳ ಹತ್ತಾರು ಮಧ್ಯಾಹ್ನಗಳೆಂಬುದು ಖಾಲಿ ಡಬ್ಬಿಯಿಂದ ನಮ್ಮೆಲ್ಲರಿಗೂ ತಿಳಿಯಿತು. ಮನೆಯ ಸೊಸೆಯಂದಿರೂ ಈಗ ನಮ್ಮ ಹಾಗೆಯೇ ಕೆಲಸಕ್ಕೆ ಹೋಗುವವರು. ಬಿಸಿಲಿಗೆ ಅವರೇ ನಿಲ್ಲಬೇಕೆನ್ನುವುದು ಯಾವ ನ್ಯಾಯ?

ಈ ಬೇಸಿಗೆ ನಾನೂ ಮಗನೂ ಮಾಳಿಗೆ ಹತ್ತಿದೆವು. ಕೆಳಗೆ ಬಾಗಿಲಲ್ಲಿ ಕುಳಿತು ಅತ್ತೆ ಕೂಗಿ ಹೇಳುವುದು, ಮೇಲೆ ನಾವು ಮಾಡುವುದು. ನಾಲ್ಕು ರಜೆಗಳು ಕಾಗೆ ಕಾಯುವುದರಲ್ಲಿ ಕಳೆದುವು. ಡಬ್ಬಿ ಅರ್ಧ ತುಂಬಿತು. ಅತ್ತೆ ಒಂದು ಚವಳಿಕಾಯಿಯನ್ನು ಕಿವಿಯ ಬಳಿ ಹಿಡಿದು ಮುರಿದಳು. ಚಟ್ಟೆಂದಿತು.

“ಬರೋ ವರ್ಷ ಹಾಗಲಕಾಯಿ ಕಲಿಸ್ತೀನಿ, ಬರ್‍ರಿ,” ಅಂದಳು.