ಕಾಲು ಏರಿದ ಗಾಡಿ

ಈ ಸಲದ ಯುಗಾದಿಯ ಕೂಟದಲ್ಲಿ ನಮ್ಮನ್ನು ಕಂಡವರೆಲ್ಲ ಕೇಳಿದುದು ಒಂದೇ ಮಾತು: “ಹಸಿರು ನಂಬರಿನ ಗಾಡಿ ಕೊಂಡಿರಂತೆ! ಒಂದು ಸಲ ಕರೆಂಟು ತುಂಬಿಸಿದರೆ ಎಷ್ಟು ದೂರ ಹೋಗುತ್ತೆ?” ಒಬ್ಬೊಬ್ಬರಿಗೂ ನಿಂತು ಉತ್ತರ ಹೇಳಿ ಮುಗಿಸುವಷ್ಟರಲ್ಲಿ ಒಳಗೆ ಪುಳಿಯೋಗರೆ ಮುಗಿದುಹೋಗಿತ್ತು. ಆದುದರಿಂದ ಆ ಉತ್ತರವನ್ನು ನಮ್ಮ ಪತ್ರಿಕೆಯಲ್ಲೇ ಬರೆದುಬಿಡುವುದು ಮೇಲೆಂದು ತೋರಿತು. ಮೊದಲೇ ಹೇಳಿಬಿಡುತ್ತೇವೆ: ದೂರವನ್ನು ನೋಡಿ ನಾವು ಗಾಡಿ ಕೊಳ್ಳಲಿಲ್ಲ, ನಾಯಿಯನ್ನು ನೋಡಿ ಕೊಂಡೆವು.

ಲೇಕ್ ಗಾರ್ಡನ್ಸಿನ ನಮ್ಮ ಮನೆಯಲ್ಲಿ ಎರಡು ನಾಯಿಗಳಿವೆ. ಒಂದು ಬಂಟ, ಮುಧೋಳದ ಬೇಟೆನಾಯಿಯ ತಳಿ. ನೆಲದಿಂದ ಭುಜಕ್ಕೆ ಎರಡಡಿ ಮೇಲೆ ಮೂರು ಬೆರಳು. ಸೊಂಟವೆಂಬುದು ಹೆಸರಿಗೆ ಮಾತ್ರ. ಬಾಗಲಕೋಟೆ ಜಿಲ್ಲೆಯ ಈ ತಳಿಯ ಚಿತ್ರವಿರುವ ಅಂಚೆಚೀಟಿಯನ್ನು ೨೦೦೫ರಲ್ಲಿ ಹೊರಡಿಸಿದರು. ಆ ಚೀಟಿಗೆ ನಾವು ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ್ದೇವೆ. ಬಂಟನಿಗೆ ಅದರಿಂದ ಏನೂ ಅನ್ನಿಸಿದಂತಿಲ್ಲ. ಇನ್ನೊಂದು ಇಲ್ಲಿಯ ಬೀದಿಯದೇ, ಬಂಗಾಳಿಗಳು ‘ನೇಡಿ’ ಎನ್ನುತ್ತಾರಲ್ಲ, ಅದು. ೨೦೨೦ರ ಲಾಕ್‌ಡೌನಿನಲ್ಲಿ ರಸ್ತೆಬದಿಯ ತಿಂಡಿ ಅಂಗಡಿಗಳು ಮುಚ್ಚಿದಾಗ ತಾನಾಗಿ ಬಂದು ನಮ್ಮ ಬಾಗಿಲಲ್ಲಿ ಮಲಗಿದವನು. ಮೈ ಕಪ್ಪಾದುದರಿಂದ ರೈಲ್ವೆ ಸ್ಟೇಷನ್ನಿನ ಬಳಿಯ ಹುಡುಗರು ‘ಕಾಲು’ ಎಂದು ಕರೆಯುತ್ತಿದ್ದರು. ಆ ಹೆಸರೇ ನಿಂತಿತು. ಮೈಸೂರಿನಿಂದ ಬಂದಿದ್ದ ಅತ್ತಿಗೆಯವರು, “ನಾಯಿಗೆ ಕಾಲು ಅಂತ ಹೆಸರಿಟ್ಟಿದ್ದೀರಲ್ಲ, ಮುಂದಿನದಕ್ಕೆ ಬಾಲ ಅಂತ ಇಡ್ತೀರೇನು?” ಎಂದು ನಕ್ಕರು.

ವಿಧಿಯ ಚೇಷ್ಟೆಯೆಂದರೆ ಕಾಲುವಿಗೆ ಕೆಟ್ಟಿರುವುದು ಕಾಲೇ. ಎಳೆಯನಾಗಿದ್ದಾಗ ಯಾವುದೋ ವಾಹನ ಹಿಂಗಾಲಿಗೆ ಬಡಿದಿತ್ತಂತೆ. ಈಗ ಹನ್ನೆರಡು ವರ್ಷದ ಮುದುಕ, ಸಂಧಿವಾತವೂ ಸೇರಿಕೊಂಡಿದೆ. ಒಂದು ಮೆಟ್ಟಿಲು ಏರುತ್ತಾನೆ, ಎರಡನೆಯದಕ್ಕೆ ನಿಂತು ನಮ್ಮ ಮುಖ ನೋಡುತ್ತಾನೆ. ಎತ್ತಲು ಹೋದರೆ ಗುರ್ ಎನ್ನುತ್ತಾನೆ. ನೋವಿಗೋ ಮಾನಕ್ಕೋ ತಿಳಿಯದು.

ಇಪ್ಪತ್ತು ವರ್ಷಕ್ಕೂ ಮೇಲೆ ಕಲ್ಕತ್ತೆಯಲ್ಲಿ ಸ್ವಂತ ಗಾಡಿಯಿಲ್ಲದೆ ಬಾಳಿದವರು ನಾವು. ಮೆಟ್ರೋ ಉಂಟು, ಲೋಕಲ್ ರೈಲುಂಟು, ಆಟೋ ಉಂಟು. ಗಾಡಿ ಯಾಕೆ ಎಂಬುದು ನಮ್ಮ ವಾದ. ಆ ವಾದ ೨೦೧೯ರ ಜೂನ್ ತಿಂಗಳ ಒಂದು ರಾತ್ರಿ ಮುಗಿಯಿತು. ಆಗ ನಮ್ಮಲ್ಲಿದ್ದವಳು ಚಿನ್ನಿ. ಆ ದಿನದ ಧಗೆಗೆ ಸಂಜೆಯಿಂದಲೂ ಏದುತ್ತಿದ್ದಳು. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವ ಅನುಕೂಲವಿಲ್ಲ. ನಾಲಿಗೆ ಚಾಚಿ ಏದಿ, ಆ ತೇವ ಆರಿದಾಗಲೇ ಅದರ ಒಡಲು ತಣಿಯಬೇಕು. ಈ ಊರಿನ ಗಾಳಿಯಲ್ಲಿ ತೇವ ಆರಿದರೆ ತಾನೆ? ಹತ್ತು ಗಂಟೆಯ ಹೊತ್ತಿಗೆ ಅವಳು ನಿಲ್ಲಲಾರದಾದಳು. ಅಷ್ಟು ಹೊತ್ತಿನಲ್ಲಿ ನಮಗೆ ಹೊಳೆದುದು ಬೇಲ್‌ಗಾಛಿಯಾದ ಪಶುವೈದ್ಯ ಆಸ್ಪತ್ರೆ ಒಂದೇ. ಅದು ಊರಿನ ಇನ್ನೊಂದು ತುದಿ. ಆನ್ವರ್ ಶಾ ರಸ್ತೆಯ ಅಂಚಿನಲ್ಲಿ ಅವಳನ್ನು ಎತ್ತಿಕೊಂಡು ನಿಂತು ಐದು ಟ್ಯಾಕ್ಸಿಗಳಿಗೆ ಕೈ ತೋರಿದೆವು. ಐದೂ ನಿಂತುವು, ಐದೂ ನಾಯಿಯನ್ನು ನೋಡಿ ಹೊರಟುಹೋದುವು. ಆರನೆಯವನು ಬಿಹಾರದ ಕಡೆಯ ಒಬ್ಬ ಮುದುಕ. ತನ್ನ ಹೆಗಲ ಮೇಲಿನ ಗಮ್‌ಛಾವನ್ನೇ ಹಿಂದಿನ ಸೀಟಿನ ಮೇಲೆ ಹಾಸಿ, “ಮಲಗಿಸಿ ಬಾಬು” ಎಂದ. ಹಳದಿ ಅಂಬಾಸಿಡರಿನ ಆ ಅಗಲವಾದ ಸೀಟಿನ ಮೇಲೆ ಚಿನ್ನಿ ಕಾಲು ಚಾಚಿ ಮಲಗಿದಳು. ಶ್ಯಾಮ್‌ಬಜಾರಿನ ಐದು ದಾರಿ ಕೂಡುವಲ್ಲಿ ಅವಳ ಏದುಸಿರು ನಿಂತಿತು. ಮುದುಕ ಗಾಡಿ ತಿರುಗಿಸಿ ನಮ್ಮನ್ನು ಮನೆಗೆ ತಂದು ಬಿಟ್ಟ. ಬಾಡಿಗೆ ಮುಟ್ಟಲಿಲ್ಲ.

ಗಾಡಿ ಬೇಕೆಂದು ಅಂದೇ ಗೊತ್ತಾಯಿತು. ಎಂಥದು ಎಂದು ಗೊತ್ತಾಗಲು ಆರು ವರ್ಷ ಹಿಡಿಯಿತು. ಹಣದ ಮಾತು ಇಲ್ಲಿ ಬೇಡ.

ವಿದ್ಯುತ್ತಿನದೇ ಏಕೆ ಎಂದು ಮೇಲಿನ ಮನೆಯ ಮೇಶೋಮಶಾಯರು ಕೇಳಿದರು. ೧೯೦೨ರಿಂದ ಬಿಜಲಿ ಟ್ರಾಮು ಓಡಿದ ಊರಿನವರು ಈ ಪ್ರಶ್ನೆ ಕೇಳಬಾರದು ಎಂದು ನಾವೂ ಬಿಡದೆ ಹೇಳಿದೆವು. ಕನ್ನಡಿಗರಿಗಂತೂ ಇದು ಹೊಸದೇ ಅಲ್ಲ. ಚೇತನ್ ಮೈನಿಯವರ ‘ರೇವಾ’ ಬೆಂಗಳೂರಿನ ರಸ್ತೆಗಿಳಿದುದು ೨೦೦೧ರಲ್ಲಿ. ನಮ್ಮ ಸೋದರಮಾವನ ಗೆಳೆಯರೊಬ್ಬರು ಅದನ್ನು ಇಟ್ಟುಕೊಂಡಿದ್ದರು. ಎರಡೇ ಬಾಗಿಲು, ಸೀಸದ ಬ್ಯಾಟರಿಗಳು, ಎಂಬತ್ತು ಕಿಲೋಮೀಟರಿನ ಓಟ. ಮುಂದೆ ಇಬ್ಬರು, ಹಿಂದೆ ಇಬ್ಬರು ಮಕ್ಕಳು. ನಮ್ಮ ಬಂಟ ಅದರಲ್ಲಿ ಕೂರಬೇಕಾದರೆ ಕತ್ತನ್ನು ಹೊರಗಿಟ್ಟು ಬರಬೇಕಾಗುತ್ತಿತ್ತು. ಈಗಿನ ಗಾಡಿಗಳು ಬೇರೆ. ನಮಗೆ ಬೇಕಾದ ಗುಣ ಒಂದು ಅವುಗಳಲ್ಲಿತ್ತು. ನಿಂತ ಗಾಡಿಯಲ್ಲಿ ಹೊಗೆಯಿಲ್ಲದೆ, ಎಂಜಿನ್ನಿನ ಗುಡುಗಿಲ್ಲದೆ, ತಂಪುಯಂತ್ರವನ್ನು ಗಂಟೆಗಟ್ಟಲೆ ನಡೆಸಬಹುದು. ಗಂಟೆಗೆ ಒಂದೆರಡು ಯೂನಿಟ್ಟಿನ ಖರ್ಚು. ಬಿಸಿಲಲ್ಲಿ ಮುಚ್ಚಿ ನಿಲ್ಲಿಸಿದ ಗಾಡಿಯ ಒಳಗೆ ಹತ್ತೇ ನಿಮಿಷದಲ್ಲಿ ಹತ್ತು ಡಿಗ್ರಿ ಏರುತ್ತದೆ. ೨೦೨೪ರ ಏಪ್ರಿಲ್ ೩೦ರಂದು ಈ ಊರು ೪೩ ಡಿಗ್ರಿ ಕಂಡಿತು. ಅದಕ್ಕೆ ಹತ್ತು ಕೂಡಿಸಿ ನೋಡಿ. ಹಾಗೆಂದು ನಾಯಿಯೊಂದನ್ನೇ ಒಳಗೆ ಬಿಟ್ಟು ನಾವು ಹೋಗುವುದಿಲ್ಲ. ಯಂತ್ರ ಯಂತ್ರವೇ, ಯಾವಾಗ ಮುನಿಯುತ್ತದೋ ಯಾರು ಕಂಡರು! ಒಬ್ಬರು ಔಷಧದ ಅಂಗಡಿಗೆ ಹೋದರೆ ಇನ್ನೊಬ್ಬರು ಒಳಗೆ ಕೂರುತ್ತೇವೆ.

ಇನ್ನು ಆರಿಸುವ ಕಥೆ. ನಮ್ಮಿಬ್ಬರಲ್ಲಿ ಲೆಕ್ಕ ಬಲ್ಲವರು ಒಂದು ನೋಟುಬುಕ್ಕಿನಲ್ಲಿ ಗೆರೆ ಎಳೆದು ಡಿಕ್ಕಿಯ ಅಳತೆಗಳನ್ನು ಬರೆದುಕೊಂಡರು: ಟಾಟಾ ನೆಕ್ಸಾನ್ ೩೫೦ ಲೀಟರು, ಹ್ಯುಂಡೈ ಕ್ರೆಟಾ ೪೩೩, ಎಂಜಿ ವಿಂಡ್ಸರ್ ೬೦೪. ನಾಯಿಯನ್ನು ಲೀಟರಿನಲ್ಲಿ ಅಳೆಯುವ ವಿದ್ಯೆ ನಮಗೆ ಆವರೆಗೆ ತಿಳಿದಿರಲಿಲ್ಲ. ಬಂಟನನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ನೋಡಬಹುದಿತ್ತೇನೋ; ಅವನು ಒಪ್ಪಬೇಕಲ್ಲ. ಡಿಕ್ಕಿಯ ಲೀಟರಿಗೆ ಅದರ ಆಕಾರ ತಿಳಿಯದು, ಎತ್ತರ ತಿಳಿಯದು, ಸೀಟಿನ ಹಿಂದೆ ತಂಪುಗಾಳಿ ತಲಪುತ್ತದೆಯೇ ಎಂಬುದೂ ತಿಳಿಯದು. ಡಿಕ್ಕಿಯಲ್ಲಿ ತಲೆಗೆ ಎಡೆಯಿದೆ, ಗಾಳಿಯಿಲ್ಲ ಎಂದು ಕಂಡ ಮೇಲೆ ನೋಟುಬುಕ್ಕನ್ನು ಮುಚ್ಚಿ, ನಾಯಿಗಳನ್ನೇ ಅಂಗಡಿಗೆ ಕರೆದೊಯ್ಯುವುದೆಂದು ತೀರ್ಮಾನಿಸಿದೆವು.

ಮೊದಲ ಅಂಗಡಿಯಲ್ಲಿ ನಮ್ಮನ್ನು ಬಾಗಿಲಲ್ಲೇ ತಡೆದರು. “ಗಾಡಿ ಕೊಳ್ಳುವವರು ಯಾರು?” ಎಂದು ಕೇಳಿದರು. “ಇವನು” ಎಂದು ಕಾಲುವನ್ನು ತೋರಿಸಿದೆವು. ಮಾತು ಬೆಳೆಯದೆ ಮುಗಿಯಿತು. ಎರಡನೆಯ ಕಡೆ ಒಬ್ಬ ಒಳ್ಳೆಯ ಹುಡುಗನಿದ್ದ. ಅವನ ಮನೆಯಲ್ಲೂ ಒಂದು ನೇಡಿ ಇದೆಯಂತೆ. ಗಾಡಿಯನ್ನು ಬೀದಿಗೇ ತಂದು ನಿಲ್ಲಿಸಿದ. ನೋಡುವುದಕ್ಕೆ ಭವ್ಯವಾಗಿತ್ತು, ಆನೆಯ ಮೇಲಿನ ಅಂಬಾರಿಯಂತೆ. ನಮ್ಮ ಟೇಪಿಗೆ ಡಿಕ್ಕಿಯ ಅಂಚು ನೆಲದಿಂದ ೭೫ ಸೆಂಟಿಮೀಟರು. ಬಂಟ ಒಂದೇ ನೆಗೆತಕ್ಕೆ ಒಳಗಿದ್ದ. ಕಾಲು ಅಂಚನ್ನು ಮೂಸಿ, ಗಾಡಿಗೆ ಬೆನ್ನು ಮಾಡಿ ಕುಳಿತ. ಈ ಗಾಡಿಗಳ ಬ್ಯಾಟರಿ ಕೆಳಗೆ, ತಳದುದ್ದಕ್ಕೂ ಹಾಸಿರುತ್ತದೆ. ಹೀಗಾಗಿ ನೆಲ ನಾವು ಎಣಿಸಿದ್ದಕ್ಕಿಂತ ಮೇಲಿರುತ್ತದೆ. ಅದೇ ಕಾರಣದಿಂದ ಒಂದು ಲಾಭವೂ ಉಂಟು. ಹಿಂದಿನ ಚಕ್ರಕ್ಕೆ ಎಂಜಿನ್ನಿನಿಂದ ದಂಡವೊಂದು ಹೋಗುವುದಿಲ್ಲವಾಗಿ ನಡುವೆ ಅಂಬಾಸಿಡರಿನಲ್ಲಿದ್ದ ದಿಂಡು ಇರುವುದಿಲ್ಲ. ಕೆಲವು ಗಾಡಿಗಳಲ್ಲಿ ಹಿಂಬದಿಯ ನೆಲ ಈ ಬಾಗಿಲಿನಿಂದ ಆ ಬಾಗಿಲಿನವರೆಗೆ ಜಗಲಿಯಂತೆ ಸಮ. ಎಲ್ಲದರಲ್ಲಿಯೂ ಅಲ್ಲ, ಪೆಟ್ರೋಲಿಗಾಗಿ ಕಟ್ಟಿದ ಒಡಲಿಗೆ ಬ್ಯಾಟರಿ ಕೂಡಿಸಿದವುಗಳಲ್ಲಿ ಆ ಉಬ್ಬು ಉಳಿದುಕೊಂಡಿರುವುದುಂಟು. ಕೈಯಿಟ್ಟು ನೋಡಿಯೇ ತಿಳಿಯಬೇಕು.

ಮತ್ತೊಂದು ಗಾಡಿಯಲ್ಲಿ ಸವಾರಿ ಹೊರಟು ಢಾಕುರಿಯಾ ಸೇತುವೆ ಇಳಿಯುವಷ್ಟರಲ್ಲಿ ಕಾಲು ವಾಂತಿ ಮಾಡಿದ. ತಪ್ಪು ಅವನದಲ್ಲ. ವಿದ್ಯುತ್ ಗಾಡಿಯಲ್ಲಿ ವೇಗದ ಪೆಡಲಿನಿಂದ ಪಾದ ತೆಗೆದ ಕೂಡಲೆ ಮೋಟಾರೇ ಚಕ್ರವನ್ನು ಹಿಡಿದು, ಆ ಓಟವನ್ನು ಮರಳಿ ವಿದ್ಯುತ್ತಾಗಿಸಿ ಬ್ಯಾಟರಿಗೆ ಕೊಡುತ್ತದೆ. ಮಿತವ್ಯಯಕ್ಕೆ ಒಳ್ಳೆಯದು. ಆದರೆ ಓಡಿಸಲು ಬಾರದವರ ಕೈಯಲ್ಲಿ ಗಾಡಿ ಹೆಜ್ಜೆಹೆಜ್ಜೆಗೂ ಜಗ್ಗುತ್ತದೆ. ನೆಲದಲ್ಲಿ ಮಲಗಿದ ಮುದಿನಾಯಿಯ ಹೊಟ್ಟೆ ತೊಳೆಸುತ್ತದೆ. ಈ ಹಿಡಿತವನ್ನು ಅತಿ ಕಡಿಮೆ ಮಾಡಿಕೊಳ್ಳುವ ಅನುಕೂಲವಿದೆಯೇ ಎಂದು ಮುಂದೆ ಎಲ್ಲ ಕಡೆ ಮೊದಲು ಕೇಳಿದೆವು. ಗಾಜಿನ ಚಾವಣಿಯ ಗಾಡಿಯೊಂದನ್ನು ಮನೆಯ ಕಿರಿಯರು ಬಹಳ ಮೆಚ್ಚಿದರು. ಆಕಾಶ ಕಾಣುತ್ತದಂತೆ. ಆಕಾಶ ಕಾಣುವಲ್ಲಿ ಬಿಸಿಲೂ ಇಳಿಯುತ್ತದೆಂದು ಅದನ್ನು ಬಿಟ್ಟೆವು. ಎರಡು ದಿನ ಮನೆಯಲ್ಲಿ ಮಾತುಕತೆ ಇರಲಿಲ್ಲ.

ಈ ನಡುವೆ ಲೇಕ್ ಮಾರ್ಕೆಟಿನ ಹತ್ತಿರದ ಬಡಗಿಯಿಂದ ಒಂದು ಅಗಲವಾದ ಮೆಟ್ಟಿಲು ಮಾಡಿಸಿದ್ದೆವು. ಊಟದ ಮಣೆಯನ್ನು ಒಂದು ಗೇಣು ಎತ್ತರಿಸಿದಂತೆ, ಮೇಲೆ ಕಾಲೊರಸುವ ನಾರಿನ ಚಾಪೆ ಹೊಡೆದದ್ದು. ಅದಕ್ಕೂ ಮುಂಚೆ ಕೊಂಡ ಮಡಿಸುವ ಇಳಿಜಾರಿನ ಹಲಗೆ ಜಾರುತ್ತಿತ್ತು. ಕಾಲು ಒಮ್ಮೆ ಜಾರಿದ ಮೇಲೆ ಅದರತ್ತ ತಿರುಗಿಯೂ ನೋಡಲಿಲ್ಲ. ನಾಲ್ಕನೆಯ ಗಾಡಿಯ ಹಿಂಬಾಗಿಲು ತೆರೆದು ಈ ಮಣೆ ಇಟ್ಟೆವು. ಬಾಗಿಲು ಅಗಲವಾಗಿ ತೆರೆಯಿತು, ನೆಲ ಮಣೆಗಿಂತ ಒಂದು ಮೆಟ್ಟಿಲು ಮೇಲಿತ್ತು, ಒಳಗೆ ಸಮವಾಗಿತ್ತು. ಕಾಲು ಮಣೆ ಏರಿದ. ನಿಂತ. ನಮ್ಮ ಮುಖ ನೋಡಿದ. ನಾವು ಯಾರೂ ಮಾತಾಡಲಿಲ್ಲ, ಕೈಯೂ ನೀಡಲಿಲ್ಲ. ಮುಂಗಾಲೆರಡನ್ನು ಒಳಗಿಟ್ಟು ಸ್ವಲ್ಪ ಹೊತ್ತು ಯೋಚಿಸಿ, ಕೆಟ್ಟ ಕಾಲನ್ನು ಎಳೆದುಕೊಂಡು ಒಳಗೆ ಹೋಗಿ ಸುತ್ತಿ ಮಲಗಿದ. ಅಂಗಡಿಯವರು ಬಣ್ಣ ಯಾವುದು ಬೇಕೆಂದು ಕೇಳುತ್ತಿದ್ದರು. ಯಾವುದಾದರೂ ಆಗಲಿ, ಅಂದೆವು.

ಗಾಡಿಯ ಹೆಸರನ್ನು ಬರೆದರೆ ಜಾಹೀರಾತಾದೀತು. ಬೇಕಾದವರು ಭಾನುವಾರ ಬೆಳಿಗ್ಗೆ ಮನೆಗೆ ಬಂದು ನೋಡಬಹುದು, ಕಾಫಿಯುಂಟು.

ಕೊಂಡ ಮೇಲೆ ಕರೆಂಟಿನ ಪ್ರಶ್ನೆ. ೨೦೨೫ರ ಸೆಪ್ಟೆಂಬರ್ ೨೩ರ ಮಳೆಯನ್ನು ಇಲ್ಲಿರುವ ಯಾರೂ ಮರೆತಿರಲಾರಿರಿ. ನಮ್ಮ ಪಕ್ಕದ ಜೋಧಪುರ್ ಪಾರ್ಕಿನಲ್ಲಿ ಕೆಲವೇ ಗಂಟೆಗಳಲ್ಲಿ ೨೮೫ ಮಿಲಿಮೀಟರು ಸುರಿಯಿತು. ನೀರಿನಲ್ಲಿ ವಿದ್ಯುತ್ ತಗುಲಿ ನಗರದಲ್ಲಿ ಹಲವರು ಸತ್ತರು. ನಮ್ಮ ಕೆಳಮನೆಯ ಗೋಡೆಯ ಮೇಲೆ ಆ ದಿನದ ನೀರಿನ ಗೆರೆ ಇನ್ನೂ ಇದೆ. ಬ್ಯಾಟರಿಯ ಪೆಟ್ಟಿಗೆಯೊಳಗೆ ನೀರು ಹೋಗದಂತೆ ಬಿಗಿ ಮಾಡಿರುತ್ತಾರೆ. ಭಯ ಅದರದಲ್ಲ, ಗೋಡೆಯ ಪ್ಲಗ್ಗಿನದು. ಚಾರ್ಜರನ್ನು ಆ ಗೆರೆಯಿಂದ ಮೂರಡಿ ಮೇಲೆ, ಎದೆಗಿಂತ ಎತ್ತರದಲ್ಲಿ ಹಾಕಿಸಿ, ಹೊಸದಾಗಿ ಅರ್ಥಿಂಗ್ ಮಾಡಿಸಿ, ಕರೆಂಟು ಸೋರಿದರೆ ತಾನೇ ಕಡಿದುಕೊಳ್ಳುವ ಸ್ವಿಚ್ಚು ಕೂಡಿಸಿದೆವು. ಮೀಟರಿನ ಲೋಡು ಹೆಚ್ಚಿಸಲು ಅರ್ಜಿ, ಮನೆಯ ಮಾಲೀಕರ ಒಪ್ಪಿಗೆ, ಮತ್ತೆ ಅರ್ಜಿ, ಇವು ಎಲ್ಲರಿಗೂ ಗೊತ್ತಿರುವುದೇ. ನೀರು ನಿಂತ ದಿನ ಚಾರ್ಜು ಮಾಡುವುದಿಲ್ಲವೆಂದು ಮನೆಯಲ್ಲಿ ಕಟ್ಟಳೆ. ಚಾರ್ಜು ಶುರುವಾದೊಡನೆ ಬಂಟ ಕಿವಿ ನಿಗುರಿಸಿ ಗೋಡೆಯ ಕಡೆ ನೋಡುತ್ತಾನೆ. ನಮಗೆ ಕೇಳುವುದು ಇಪ್ಪತ್ತು ಸಾವಿರ ಕಂಪನದವರೆಗೆ, ನಾಯಿಗೆ ನಲವತ್ತು ಸಾವಿರಕ್ಕೂ ಮೇಲೆ. ನಮಗೆ ನಿಶ್ಶಬ್ದವಾದುದು ಅವನಿಗೆ ಏನೋ ಹಾಡುತ್ತಿರಬೇಕು.

ಬಂಟನ ಪಟ್ಟಿಯ ವಿಷಯ ಹೇಳಬೇಕು. ಗಾಡಿಯಲ್ಲಿ ನಾಯಿಯನ್ನು ಸುಮ್ಮನೆ ಬಿಡಬಾರದು. ಗಟ್ಟಿಯಾಗಿ ಬ್ರೇಕು ಹಾಕಿದರೆ ಇಪ್ಪತ್ತೈದು ಕಿಲೋ ತೂಕ ಮುಂದಿನವರ ಬೆನ್ನಿಗೆ ಬಂದು ಬೀಳುತ್ತದೆ. ಕೊರಳಪಟ್ಟಿಗೆ ಕಟ್ಟಿದರೆ ಕತ್ತಿಗೆ ಅಪಾಯ, ಆದುದರಿಂದ ಎದೆಗೆ ಕಟ್ಟಬೇಕು. ಅಂಗಡಿಯ ಎದೆಪಟ್ಟಿಗಳೆಲ್ಲ ದುಂಡು ನಾಯಿಗಳಿಗೆ ಹೊಲಿದಂಥವು. ಮುಧೋಳದವನು ಅವುಗಳಿಂದ ಹಾವಿನಂತೆ ಜಾರಿ ಹೊರಗೆ ಬರುತ್ತಿದ್ದ. ಕೊನೆಗೆ ಚೀಲ ಹೊಲಿಯುವವನಿಂದ ಎದೆಗೊಂದು, ಪಕ್ಕೆಲುಬಿನ ಕೊನೆಗೊಂದು ಪಟ್ಟಿ ಬರುವಂತೆ ಹೊಲಿಸಿ ಸೀಟುಬೆಲ್ಟಿಗೆ ಸಿಕ್ಕಿಸಿದೆವು.

ಮಾಘದಲ್ಲಿ ಶಾಂತಿನಿಕೇತನಕ್ಕೆ ಹೋಗಿಬಂದೆವು. ಒಂದು ಕಡೆಗೆ ಸುಮಾರು ೧೬೫ ಕಿಲೋಮೀಟರು. ಈಗ ನಿಮ್ಮ ಪ್ರಶ್ನೆಗೆ ಉತ್ತರ: ಕಂಪನಿಯ ಹಾಳೆಯಲ್ಲಿರುವ ದೂರದಲ್ಲಿ ಮೂರರಲ್ಲಿ ಎರಡು ಪಾಲು ಸಿಕ್ಕಿತು. ಅಷ್ಟರಲ್ಲಿ ನಿಲ್ಲದೆಯೂ ಹೋಗಬಹುದಿತ್ತು. ಆದರೆ ನಾಯಿಯಿದ್ದವರು ಎರಡು ಗಂಟೆಗೊಮ್ಮೆ ನಿಲ್ಲಲೇಬೇಕು. ಶಕ್ತಿಗಢದ ಆಸುಪಾಸಿನಲ್ಲಿ ಗಾಡಿಗೆ ಮುಕ್ಕಾಲು ಗಂಟೆ ಕರೆಂಟು, ನಾಯಿಗಳಿಗೆ ನೀರು, ಮರದಡಿ ಅಡ್ಡಾಟ, ನಮಗೆ ಲ್ಯಾಂಗ್ಚಾ. ಬಂಟನಿಗೆ ಪಾಕದ ಒಂದು ತೊಟ್ಟೂ ಕೊಡಲಿಲ್ಲ; ಅವನು ಅದನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲಿಟ್ಟುಕೊಂಡಿದ್ದ.

ಕಾಲುವನ್ನು ತಿಂಗಳಿಗೊಮ್ಮೆ ಬೇಲ್‌ಗಾಛಿಯಾಕ್ಕೆ ಕರೆದೊಯ್ಯುತ್ತೇವೆ. ಮೊದಲನೆಯ ಸಲ ಶ್ಯಾಮ್‌ಬಜಾರಿನ ಸಿಗ್ನಲ್ಲಿನಲ್ಲಿ ಗಾಡಿ ನಿಂತಾಗ ನಾವಿಬ್ಬರೂ ಹಿಂದಿರುಗಿ ನೋಡಿದೆವು. ಕಾಲು ನೆಲದ ಮೇಲೆ ಕಾಲು ಚಾಚಿ, ಬಾಯಿ ಮುಚ್ಚಿಕೊಂಡು, ಏದದೆ ನಿದ್ದೆ ಮಾಡುತ್ತಿದ್ದ. ಇಳಿಯುವ ಜಾಗ ಬಂದು ಮಣೆ ಇಟ್ಟು ಕರೆದರೂ ಅವನು ಏಳಲಿಲ್ಲ. ಡಾಕ್ಟರರೇ ಹೊರಗೆ ಬಂದು ಗಾಡಿಯಲ್ಲಿಯೇ ಕಾಲು ನೋಡಿದರು.