ಸೊನ್ನೆಯ ಬಳಿಯ ಸದ್ದು

ಬುಗುರಿ ಆಡಿದವರಿಗೆ ಗೊತ್ತು. ಚಾಟಿ ಎಳೆದು ಬಿಟ್ಟ ಕೂಡಲೇ ಅದು ನಿದ್ದೆ ಹೋದ ಹಾಗೆ ನೆಟ್ಟಗೆ ನಿಂತು ತಿರುಗುತ್ತದೆ. ಸ್ವಲ್ಪ ಹೊತ್ತಿಗೆ ತಲೆ ಓಲಾಡತೊಡಗುತ್ತದೆ. ಕಾಂತಕ್ಷೇತ್ರದಲ್ಲಿ ಎಲೆಕ್ಟ್ರಾನಿನ ಸ್ಪಿನ್ನಿಗೂ ಇಂಥದೇ ಓಲಾಟ ಇದೆ. ಕ್ಷೇತ್ರ ಬಲವಾದಷ್ಟೂ ಓಲಾಟ ಚುರುಕು. ಬೆಂಗಳೂರಿನಲ್ಲಿ ಭೂಮಿಯ ಕಾಂತಕ್ಷೇತ್ರ ಸುಮಾರು 0.4 ಗಾಸ್, ಅಷ್ಟರಲ್ಲೇ ಒಂಟಿ ಎಲೆಕ್ಟ್ರಾನ್ ಸೆಕೆಂಡಿಗೆ ಹೆಚ್ಚುಕಡಿಮೆ 11 ಲಕ್ಷ ಸಲ ಓಲಾಡುತ್ತದೆ. ಮೀಡಿಯಂ ವೇವ್ ರೇಡಿಯೋದ ಮುಳ್ಳು ಓಡಾಡುವ ಜಾಗವೇ ಅದು! ಈ ಲೆಕ್ಕ ಮೊದಲ ಸಲ ಹಾಕಿದ ದಿನ ಮನೆಯ ಹಳೇ ರೇಡಿಯೋದ ಮುಂದೆ ತುಂಬ ಹೊತ್ತು ಕೂತಿದ್ದೆ.

ಎಲೆಕ್ಟ್ರಾನ್ ಸ್ಪಿನ್ ಅನುರಣನ ಎಂಬುದೂ ಒಂದು ಬಗೆಯ ರೇಡಿಯೋ ತಿರುಗಿಸುವಿಕೆಯೇ. ರಷ್ಯಾದ ಕಜಾನ್ ನಗರದಲ್ಲಿ ಭೌತವಿಜ್ಞಾನಿ ಜಾವೊಯಿಸ್ಕಿ ಇದನ್ನು ಕಂಡುಹಿಡಿದದ್ದು 1944ರಲ್ಲಿ, ಎರಡನೇ ಮಹಾಯುದ್ಧದ ನಡುವೆ. ಇಲ್ಲಿ ಸ್ಟೇಷನ್ ಬದಲಾಗುವುದಿಲ್ಲ: ಮೈಕ್ರೋವೇವ್ ಸೆಕೆಂಡಿಗೆ ಸುಮಾರು 950 ಕೋಟಿ ಕಂಪನಕ್ಕೆ ನಿಂತಿರುತ್ತದೆ, ಕಾಂತಕ್ಷೇತ್ರವನ್ನು ನಾವು ಮೆಲ್ಲಗೆ ಏರಿಸುತ್ತ ಹೋಗುತ್ತೇವೆ. 3400 ಗಾಸಿನ ಆಸುಪಾಸು ಬಂದಾಗ ಒಂಟಿ ಎಲೆಕ್ಟ್ರಾನುಗಳು ಮೈಕ್ರೋವೇವಿನ ಶಕ್ತಿಯನ್ನು ಹೀರುತ್ತವೆ. ಅಷ್ಟು ಹೊತ್ತು ಸಪಾಟಾಗಿ ಗೆರೆ ಎಳೆಯುತ್ತಿದ್ದ ಪೆನ್ನು ಗ್ರಾಫ್ ಹಾಳೆಯ ಮೇಲೆ ಸರ್ರನೆ ಗುಡ್ಡ ಹತ್ತಿ, ಅದೇ ಉಸಿರಿನಲ್ಲಿ ಕಣಿವೆಗೆ ಇಳಿದು, ಮತ್ತೆ ಸಪಾಟಾಗುತ್ತದೆ. ಅದನ್ನು ಕಣ್ಣಾರೆ ನೋಡುವ ಸುಖವೇ ಬೇರೆ.

ಈ ವಿದ್ಯೆಯಲ್ಲಿ ಪಳಗಿದವರು ಸ್ವಿಟ್ಜರ್ಲೆಂಡಿನ ಕಾರ್ಲ್ ಅಲೆಕ್ಸ್ ಮ್ಯುಲರ್. ಸ್ಟ್ರಾಂಶಿಯಂ ಟೈಟನೇಟಿನಂಥ ಆಕ್ಸೈಡುಗಳ ಒಳಗುಟ್ಟನ್ನು ವರ್ಷಗಟ್ಟಲೆ ಸ್ಪಿನ್ ಅನುರಣನದಿಂದಲೇ ತಿಳಿಯುತ್ತಿದ್ದವರು. 1986ರಲ್ಲಿ ಅವರೂ ಸಹೋದ್ಯೋಗಿ ಬೆಡ್ನೋರ್ಜ್ ಅವರೂ ತಾಮ್ರದ ಆಕ್ಸೈಡಿನಲ್ಲಿ ಅತಿವಾಹಕತೆ, ಅಂದರೆ ವಿದ್ಯುತ್ತು ತಡೆಯಿಲ್ಲದೆ ಹರಿಯುವ ಗುಣ, ತೋರಿಸಿದಾಗ ಲೋಕ ಬೆರಗಾಯಿತು. ಆಕ್ಸೈಡುಗಳ ಜೊತೆ ಅಷ್ಟು ವರ್ಷ ಬಾಳದಿದ್ದರೆ ಅವರು ಆ ಕಡೆ ತಿರುಗಿಯೂ ನೋಡುತ್ತಿರಲಿಲ್ಲ ಎಂದೇ ನನ್ನ ನಂಬಿಕೆ. ಮರುವರ್ಷ 93 ಕೆಲ್ವಿನ್‌ನ ಚಳಿಯಲ್ಲೇ ಅತಿವಾಹಕವಾಗುವ ಯಿಟ್ರಿಯಂ-ಬೇರಿಯಂ-ತಾಮ್ರದ ಆಕ್ಸೈಡ್ ಬಂತು. 77 ಕೆಲ್ವಿನ್‌ನಲ್ಲಿ ಕುದಿಯುವ ದ್ರವ ನೈಟ್ರೋಜನ್ನೇ ಅದಕ್ಕೆ ಸಾಕು.

ಕಡ್ಡಿಯಷ್ಟು ಸಣ್ಣ ಕ್ವಾರ್ಟ್ಸ್ ಕೊಳವೆಗೆ ಆ ಕಪ್ಪು ಪುಡಿ ಹಾಕಿ ಎಲ್ಲ ಕಡೆ ಕಿವಿಗೊಟ್ಟರು. ಒಂಟಿ ಎಲೆಕ್ಟ್ರಾನ್ ಇರುವ ತಾಮ್ರ ಮಾತಾಡಬೇಕಿತ್ತು, ಆಡಲಿಲ್ಲ. 3400 ಗಾಸಿನ ಹತ್ತಿರ ಗೆರೆ ಕಂಡಲ್ಲೆಲ್ಲ ಹೆಚ್ಚಿನ ಸಲ ಅದು ಕಪ್ಪಿನೊಳಗೆ ಉಳಿದುಕೊಂಡ ಹಸಿರು ಕಲ್ಮಶದ್ದು. ಅದೇ ಲೋಹಗಳ ಇನ್ನೊಂದು ಆಕ್ಸೈಡ್, ಅತಿವಾಹಕವಲ್ಲ.

ನಿಜವಾದ ದನಿ ಬಂದದ್ದು ಯಾರೂ ಕಾಯದಿದ್ದ ಕಡೆಯಿಂದ, ಕ್ಷೇತ್ರ ಇನ್ನೂ ಸೊನ್ನೆಯ ಬಳಿ ಇರುವಾಗಲೇ. ಅಲ್ಲಿ ಅನುರಣನಕ್ಕೆ ಕಾರಣವೇ ಇಲ್ಲ. ಆದರೂ ಪೆನ್ನು ಜಿಗಿಯುತ್ತದೆ, ಅದೂ ತಲೆಕೆಳಗಾಗಿ: ಮೊದಲು ಕಣಿವೆ, ಆಮೇಲೆ ಗುಡ್ಡ. ಪುಡಿಯನ್ನು ಬೆಚ್ಚಗೆ ಮಾಡುತ್ತ ಹೋಗಿ, ಅತಿವಾಹಕತೆ ಕಳೆಯುವ ಉಷ್ಣತೆಯಲ್ಲೇ ಅದೂ ಮಾಯ. ಈ ಹೀರಿಕೆಯನ್ನು ಮೊದಮೊದಲು ವರದಿ ಮಾಡಿದವರಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರಿದ್ದಾರೆ. 1987ರ ಆ ಪ್ರಬಂಧದ ಮೇಲೆ ಎಸ್.ವಿ. ಭಟ್, ಪಿ. ಗಂಗೂಲಿ, ಟಿ.ವಿ. ರಾಮಕೃಷ್ಣನ್, ಸಿ.ಎನ್.ಆರ್. ರಾವ್ ಅವರ ಹೆಸರುಗಳಿವೆ. ಯಂತ್ರದ ಗೊಣಗಾಟ ಎಂದು ಆ ಹಾಳೆಯನ್ನು ಹರಿದು ಬುಟ್ಟಿಗೆ ಹಾಕುವುದು ಎಷ್ಟು ಸುಲಭವಿತ್ತು! ಅವರು ಹಾಗೆ ಮಾಡಲಿಲ್ಲ ಎಂಬುದನ್ನು ನೆನೆದಾಗಲೆಲ್ಲ ನನಗೆ ಎದೆ ತುಂಬುತ್ತದೆ.

ಕಾರಣ ಪುಡಿಯ ಕಾಳುಗಳ ನಡುವಿನ ಸಡಿಲ ಬೆಸುಗೆಗಳಲ್ಲಿದೆ. ಕೆಲವೇ ಗಾಸ್ ಕ್ಷೇತ್ರ ಆ ಸಂದುಗಳಿಗೆ ನುಗ್ಗಿದರೂ ಬೆಸುಗೆ ಸೋಲುತ್ತದೆ, ಮೈಕ್ರೋವೇವ್ ಸೋರುತ್ತದೆ. ಕೆಲವೇ ಮಿಲಿಗ್ರಾಂ ಪುಡಿಯಲ್ಲಿ ಅತಿವಾಹಕ ಇದೆಯೇ ಎಂದು ನೋಡಲು ಇದಕ್ಕಿಂತ ಸೂಕ್ಷ್ಮ ಪರೀಕ್ಷೆ ಸಿಗುವುದು ಕಷ್ಟ.

ಕ್ಷೇತ್ರ ಬಲವಾದರೆ ಅದು ಅತಿವಾಹಕದೊಳಕ್ಕೇ ಹೊಕ್ಕು, ಸುಳಿಸುಳಿಯಾಗಿ ನಿಲ್ಲುತ್ತದೆ. ಭೌತವಿಜ್ಞಾನಿ ಅಬ್ರಿಕೊಸೊವ್ 1957ರಲ್ಲೇ ಹೇಳಿದ್ದ ಸುಳಿಗಳು ಇವು. ಇವನ್ನು ತಿಳಿಯಲು ಮಾಡುವ ಉಪಾಯ ನನಗೆ ಬಲು ಇಷ್ಟ. ತಾನು ಮಾತಾಡದ ಅತಿವಾಹಕದ ಮೈಗೆ ಮಾತಾಡುವ ಡಿಪಿಪಿಎಚ್ ಎಂಬ ಕಡುನೇರಳೆ ವಸ್ತುವನ್ನು ತೆಳ್ಳಗೆ ಬಳಿಯುತ್ತಾರೆ. ಅದರ ಗೆರೆ ಬಲು ಕಿರಿದು, ಸೂಜಿಯಂಥದು. ತಂಪು ಏರಿ ಕೆಳಗೆ ಸುಳಿಗಳು ಮೂಡಿದವೋ, ಸುಳಿಯ ನೆತ್ತಿಯ ಮೇಲಿನ ಕಣಕ್ಕೆ ಒಂದು ಕ್ಷೇತ್ರ, ಪಕ್ಕದ ಕಣಕ್ಕೆ ಇನ್ನೊಂದು. ಕಿರಿದಾಗಿದ್ದ ಗೆರೆ ಕಣ್ಣೆದುರೇ ಅಗಲವಾಗುತ್ತದೆ. ಎಷ್ಟು ಅಗಲವಾಯಿತು ಎಂದು ಸ್ಕೇಲಿಟ್ಟು ಅಳೆದರೆ, ಕ್ಷೇತ್ರ ಅತಿವಾಹಕದೊಳಗೆ ಎಷ್ಟು ಆಳ ಇಳಿದಿದೆ ಎಂಬ ಅಂದಾಜು ಅಲ್ಲೇ ಕೈಗೆ ಸಿಗುತ್ತದೆ.